ಊರಬಾಗಿಲಲ್ಲಿ ನಾನು ಕೂಗದೆ ಉಳಿದ ಕರೆ

ವೈರಿಮು ಪಾ,
14 ಸೆಪ್ಟೆಂಬರ್ 1962

ಮಗಳೇ ರಿಪೆಕಾ,

ನಿನಗೆ ನಮಸ್ಕಾರ, ನಿನ್ನ ಗಂಡನಿಗೆ ನಮಸ್ಕಾರ, ನಿಮ್ಮ ಬೆನ್ನ ಹಿಂದೆ ನಿಂತಿರುವ ನಮ್ಮ ಸತ್ತವರಿಗೆಲ್ಲ ನಮಸ್ಕಾರ. ಹತ್ತು ತಿಂಗಳಿಂದ ಆಕ್ಲೆಂಡಿಗೆ, ನಿನಗೆ, ಒಂದು ಗೆರೆಯೂ ಬರೆಯಲಿಲ್ಲ. ಬೆರಳ ಗಂಟು ನೋವು ಎಂದು ನೆಪ ಹೇಳಬಹುದಿತ್ತು. ಆದರೆ ಇದೇ ಬೆರಳಲ್ಲಿ ಎರಡು ಸಾಲು ಗೆಣಸು ಕಿತ್ತಿದ್ದೇನೆ. ಕ್ಷಮಿಸು.

ಇಲ್ಲಿ ಎಲ್ಲ ಮಾಮೂಲು. ಊಟದ ಮನೆಗೆ ಹೊಸ ತಗಡು ಬಂತು. ಗಂಜಿಗೆಂದು ಜೋಳದ ಮೂಟೆಯನ್ನು ತೊರೆಯ ನೀರಿನಲ್ಲಿ ಕೊಳೆಯಲು ಹಾಕಿದ್ದೆ, ಈ ಸಲ ಚೆನ್ನಾಗಿ ಹುಳಿ ಬಂದಿದೆ. ನಿನ್ನ ಮೆರೆಯಾನಾ ಅತ್ತೆ ಮೊನ್ನೆ ಬಸ್ಸಿಳಿದವಳೇ, "ಅತ್ತಿಗೇ, ನಿಮ್ಮ ಗಂಜಿ ವಾಸನೆ ಹೆದ್ದಾರಿಗೇ ಬಂದಿತ್ತು. ಕುರುಡಿಯಾದ್ರೂ ಮೂಗು ಹಿಡ್ಕೊಂಡು ಮನೆ ಸೇರ್ತಿದ್ದೆ!" ಅಂದಳು. ಎರಡು ಬಟ್ಟಲು ಖಾಲಿ ಮಾಡಿದಳು.

ನಿನ್ನ ಅಪ್ಪನ ಗೋರಿಕಲ್ಲು ಬಂದಿದೆ. ಗೋರಿಯ ಮೇಲೆ ನಿಲ್ಲಿಸಿ ಮುಸುಕು ಹಾಕಿದ್ದೇವೆ. ವರ್ಷ ತುಂಬುವ ದಿನ, ನವೆಂಬರ್ ಮೊದಲ ಶನಿವಾರ, ಮುಸುಕು ತೆಗೆಯಬೇಕು. ಅದು ನಿನ್ನ ಕೈಯಿಂದಲೇ ಆಗಬೇಕು, ನೀನು ಬರದಿದ್ದರೆ ಹಾಗೇ ಇರಲಿ ಎಂದೆ. ನಿನ್ನ ವಿರೇಮು ಮಾವ ಪೈಪನ್ನು ಬಾಯಿಂದ ತೆಗೆದು, "ನೀನು ಕರೆದ್ರೆ ತಾನೇ ಅಕ್ಕಾ, ಅವಳು ಬರೋದು?" ಎಂದ.

ಅವನು ಹೇಳಿದ್ದು ನಿಜ. ಮಣ್ಣು ಮಾಡುವ ಮೊದಲು ಅಪ್ಪನನ್ನು ಮೂರು ದಿನ ಚಾಪೆಯ ಮೇಲೆ ಮಲಗಿಸಿದ್ದೆವು. ಯಾವ ಬಸ್ಸು ಬಂದರೂ ನಿನಗಾಗಿ ನೋಡಿದೆ. ನೀನು ಬರಲಿಲ್ಲ. ಹದಿನೈದು ದಿನ ಕಳೆದ ಮೇಲೆ ಬಂದು ಊರಬಾಗಿಲಲ್ಲಿ ನಿಂತೆ. ಸಾವಿಗೆ ಬಂದವರನ್ನು ಒಳಗೆ ಕರೆಯುವ ಕೂಗು ನನ್ನದು. ನಾನು ಕೂಗದೆ ಯಾರೂ ಕಾಲಿಡುವಂತಿಲ್ಲ. ಎದೆಯಲ್ಲಿ ಸಿಟ್ಟು ತುಂಬಿತ್ತು. ಬಾಯಿಂದ ಬಂದದ್ದು "ಪಾ!" ಎಂಬ ಒಂದೇ ಸದ್ದು. ನಮ್ಮ ಊರಿಗೆ ಹೇಳುವ ಪಾ ಅಲ್ಲ. ನಾನು ಓದಿದ ಶಾಲೆಯ ಬಿಳಿಯ ಮೇಷ್ಟ್ರು ನಮ್ಮ ಬುತ್ತಿ ಕಂಡಾಗ ಮೂಗು ಮುರಿದು, ಥೂ ಅನ್ನುವ ಹಾಗೆ ಅನ್ನುತ್ತಿದ್ದರಲ್ಲ, ಆ ಪಾ. ಆಗ ನಾವು ಮಕ್ಕಳು, "ಮೇಷ್ಟ್ರಿಗೆ ನಮ್ಮೂರಿಗೆ ಬರೋ ಆಸೆ ಕಣ್ರೇ!" ಎಂದು ನಗುತ್ತಿದ್ದೆವು. ಅದನ್ನೇ ನನ್ನ ಹೊಟ್ಟೆಯ ಮಗಳಿಗೆ ಅಂದೆ, ಬೆನ್ನು ತಿರುಗಿಸಿದೆ. ನೀನು ಬಹಳ ಹೊತ್ತು ನಿಂತಿದ್ದೆಯಂತೆ. ನಾನು ತಿರುಗಿ ನೋಡಲಿಲ್ಲ.

ಬಾ ಮಗಳೇ. ಗಂಡನನ್ನೂ ಕರೆತಾ. ನಿಮ್ಮಿಬ್ಬರಿಗೂ ದೇವರು ನೆರಳಾಗಿರಲಿ, ನಮ್ಮ ಹಿರಿಯರು ನಿಮ್ಮನ್ನು ಕಾಯಲಿ.

ನಿನ್ನ ಅಮ್ಮ,
ಕೆರೆನಾಪು

ಮರೆಯದೆ ಬರೆಯಬೇಕಾದದ್ದು: ಮೆರೆಯಾನಾ ಕಣ್ಣು ತೋರಿಸಲು ಆಕ್ಲೆಂಡಿಗೆ ಬಂದು ನಿಮ್ಮಲ್ಲಿ ತಂಗಿದ್ದಳಲ್ಲ, ಎಲ್ಲ ಹೇಳಿದಳು. ಅಪ್ಪ ಚಾಪೆಯ ಮೇಲಿದ್ದಾಗ ನೀನು ಹೆರಿಗೆ ಆಸ್ಪತ್ರೆಯಲ್ಲಿದ್ದೆ. ನೀನು ಬಸುರಿ ಎಂಬುದೂ ನನಗೆ ತಿಳಿದಿರಲಿಲ್ಲ. ಊರಬಾಗಿಲಲ್ಲಿ ನಿನ್ನ ತೋಳಿನಲ್ಲಿ ಕಂಬಳಿ ಸುತ್ತಿದ ಪೆಟ್ಟಿಗೆಯೊಂದಿತ್ತು. ನಾನು ನೋಡಿದ್ದೆ. ನಾಲ್ಕು ದಿನ ಇರಲು ಬಟ್ಟೆ ತಂದಿದ್ದಾಳೆ ಎಂದುಕೊಂಡೆ. ಹನ್ನೊಂದು ದಿನ ಬದುಕಿದ ಮಗು. ಅಜ್ಜನ ಹೆಸರೇ ಇಟ್ಟಿದ್ದೆಯಂತೆ, ಹೋನೆ ಎಂದು. ಅಜ್ಜನ ಪಕ್ಕ ಮಲಗಿಸಲು ತಂದಿದ್ದೆ. ಕರೆ ಬರುವವರೆಗೆ ಬಾಯಿ ತೆರೆಯಬಾರದೆಂದು ನಿನಗೆ ಕಲಿಸಿದವಳು ನಾನೇ. ಅದಕ್ಕೇ ನೀನು ಹೇಳಲಿಲ್ಲ. ಅವನನ್ನು ಹಾಗೇ ಎತ್ತಿಕೊಂಡು ಹೋಗಿ ಗುರುತಿಲ್ಲದವರ ನಡುವೆ ಹೂತೆ.

ಅಪ್ಪನ ಪಕ್ಕ ನನಗೆಂದು ಬಿಟ್ಟ ಜಾಗವಿದೆ. ಅದು ಅವನದು. ಪಟ್ಟಣದ ಮಣ್ಣಿನಿಂದ ಅವನನ್ನು ಎತ್ತಿ ತರಲು ಸರಕಾರದ ಒಪ್ಪಿಗೆ ಬೇಕಂತೆ. ನೀನು ಹೂಂ ಅಂದರೆ ವಿರೇಮು ಓಡಾಡುತ್ತಾನೆ. ಆ ದಿನ ಕರೆ ಕೂಗುವವಳು ಮೆರೆಯಾನಾ. ನಾನು ಹೊರಗೆ, ರಸ್ತೆಯಲ್ಲಿ, ನಿನ್ನ ಜೊತೆ ನಿಂತಿರುತ್ತೇನೆ.