ಡಬ್ಬಿಯ ಮೇಲಿನ ಹೆಸರು

ಮಹಡಿಯ ಕೋಣೆ,
ಗುರುವಾರ, ಮಾರ್ಚ್ ೧೩, ಮಧ್ಯಾಹ್ನ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ದೊಡ್ಡಮ್ಮನ ಮನೆಯ ಮೆಟ್ಟಿಲನ್ನು ದಿನಕ್ಕೆ ಹತ್ತು ಸಲ ಹತ್ತಿ ಇಳಿಯುತ್ತಿದ್ದೀಯ ಎಂದು ನನಗೆ ಗೊತ್ತು, ಇಲ್ಲ ಎಂದು ಬರೆಯಬೇಡ. ದೊಡ್ಡಮ್ಮನ ಸೊಂಟದ ಮೂಳೆ ಕೂಡಿಕೊಂಡಿತೇ? ವಾಕರ್ ಹಿಡಿದು ಬಾಗಿಲವರೆಗೆ ಬಂದಳಂತೆ. ಅಲ್ಲಿಯವರೆಗೆ ಬಂದವಳು ಅಡುಗೆಮನೆಗೂ ಬಂದು ನಿನ್ನ ಕೆಲಸದಲ್ಲಿ ತಪ್ಪು ಹುಡುಕಲು ಇನ್ನು ಹೆಚ್ಚು ದಿನ ಬೇಡ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಅಪ್ಪ ಬಿ.ಪಿ. ಮಾತ್ರೆ ಮರೆಯುತ್ತಿಲ್ಲ, ಏಕೆಂದರೆ ನಾನು ಮರೆಯಲು ಬಿಡುತ್ತಿಲ್ಲ. ಹೊಸ ಹಲ್ಲಿನ ಸೆಟ್ಟು ಒಸಡಿಗೆ ಒತ್ತುತ್ತದೆ ಎಂದು ಊಟದ ಹೊತ್ತಿಗೆ ತೆಗೆದು ಲೋಟದಲ್ಲಿ ಹಾಕುತ್ತಾರೆ, ಊಟ ಮುಗಿದ ಮೇಲೆ ಹಾಕಿಕೊಳ್ಳುತ್ತಾರೆ. ಇದು ಉಲ್ಟಾ ಅಲ್ಲವೇ ಎಂದು ಕೇಳಿದ್ದಕ್ಕೆ, "ತಿನ್ನೋಕೆ ಹಲ್ಲು ಬೇಕಿಲ್ಲ ಕಣೋ, ಊದೋಕೆ ಬೇಕು" ಎಂದರು. ಅವರು ಸ್ಯಾಕ್ಸೊಫೋನ್ ಮುಟ್ಟಿ ಮೂರು ವರ್ಷವಾಗಿತ್ತು, ಅದನ್ನು ನಾನು ನೆನಪಿಸಲಿಲ್ಲ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀಯ. ನೀನು ಫೋನ್ ಎತ್ತಿದ ಕೂಡಲೇ ದೊಡ್ಡಮ್ಮ "ಸ್ಪೀಕರ್ ಹಾಕೇ" ಎನ್ನುತ್ತಾಳೆ. ಇಲ್ಲಿ ಅಪ್ಪನ ಕಿವಿಯ ವಿಷಯ ನಿನಗೇ ಗೊತ್ತು. ಊಟಕ್ಕೆ ಕರೆದರೆ ಕೇಳಿಸುವುದಿಲ್ಲ, ಪಿಸುಗುಟ್ಟಿದರೆ ಮೂರು ಗೋಡೆ ದಾಟಿಯೂ ಕೇಳಿಸುತ್ತದೆ. ಹಾಗಾಗಿ ಕಾಗದ. ಓದಿದ ಮೇಲೆ ದಿಂಬಿನ ಕೆಳಗೆ ಇಡಬೇಡ, ದೊಡ್ಡಮ್ಮ ಮೊದಲು ಹುಡುಕುವುದು ಅಲ್ಲೇ.

ವಿಷಯಕ್ಕೆ ಬರುತ್ತೇನೆ. ಅಪ್ಪನ ರೆಕಾರ್ಡುಗಳನ್ನು ಹೊರತಂದ ಕಂಪನಿಯವರು ಗೋದಾಮು ಖಾಲಿ ಮಾಡುವಾಗ ಅಪ್ಪನ ಹೆಸರಿನ ಹನ್ನೊಂದು ಟೇಪು ಸಿಕ್ಕಿವೆ. ಯಾವುದೂ ಹೊರಗೆ ಬಂದಿದ್ದಲ್ಲ. ಎಲ್ಲ ಡಬ್ಬಿಗಳ ಮೇಲೂ ನಿನ್ನ ದುಂಡನೆಯ ಅಕ್ಷರ. ಅವುಗಳಿಂದ ಆರಿಸಿ ಹೊಸ ರೆಕಾರ್ಡ್ ಮಾಡುತ್ತಾರಂತೆ. ಹೋದ ಶುಕ್ರವಾರ ಕಂಪನಿಯ ಹುಡುಗಿ (ನಾವು ಹಾಗೆ ಕರೆಯುತ್ತೇವೆ ಅಷ್ಟೆ, ಅವಳಿಗೂ ನಲವತ್ತಾಯಿತು) ಲ್ಯಾಪ್‌ಟಾಪು, ಎರಡು ಪುಟ್ಟ ಸ್ಪೀಕರು ಹೊತ್ತು ತಂದು ನಮ್ಮ ಮುಂದಿನ ಕೋಣೆಯಲ್ಲಿ ಎಲ್ಲವನ್ನೂ ಕೇಳಿಸಿದಳು. ಬೇಸ್ ಮಾಮನನ್ನೂ ಕರೆಸಿದ್ದರು. ಅಪ್ಪನ ಹಳೆಯ ತಂಡದಲ್ಲಿ ಉಳಿದಿರುವವನು ಆ ಬೇಸ್ ಗಿಟಾರಿನವನೊಬ್ಬನೇ ಅಲ್ಲವೇ, ಯಾವ ಟೇಪಿನಲ್ಲಿ ಯಾರ್ಯಾರು ನುಡಿಸಿದ್ದಾರೆ ಎಂದು ಸಾಕ್ಷಿ ಹೇಳಬೇಕಿತ್ತು. ಬಂದವನು ಮೊದಲು ಒಂದು ಪ್ಯಾಕೆಟ್ ಬಿಸ್ಕತ್ತು ಖಾಲಿ ಮಾಡಿದ.

ಮೊದಲ ನಾಲ್ಕು ಟೇಪುಗಳನ್ನು ಅಪ್ಪ ಯಾರದೋ ಉತ್ತರಪತ್ರಿಕೆ ತಿದ್ದುವವರ ಮುಖ ಮಾಡಿಕೊಂಡು ಕೇಳಿದರು. "ಪರವಾಗಿಲ್ಲ." "ಇದು ಬೇಡ." "ಡ್ರಮ್ಮಿನೋನು ನಿದ್ದೆ ಹೊಡೀತಿದಾನೆ." ಐದನೆಯದು, ಅಪ್ಪ ಎಂದ ಕೂಡಲೇ ಜನ ನೆನೆಯುತ್ತಾರಲ್ಲ, ಆ ನಿಧಾನದ ಟ್ಯೂನು. ಮೂರನೇ ಸುತ್ತಿನಲ್ಲಿ, ಏರುತ್ತಿದ್ದ ಸಾಲಿನ ನಟ್ಟನಡುವೆ ಸ್ಯಾಕ್ಸೊಫೋನ್ ನಿಂತುಬಿಡುತ್ತದೆ. ನುಡಿಸುವವನು ಉಸಿರೆಳೆದುಕೊಂಡದ್ದು ಮೈಕಿನಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಆಮೇಲೆ ಮೇಲಕ್ಕೆ ಹೋಗಬೇಕಾದದ್ದು ಕೆಳಗಿಳಿದು, ಯಾವುದೋ ಸಂದಿಯೊಳಗೆ ನುಗ್ಗಿದ ಹಾಗೆ ಹೋಗಿ, ಎಲ್ಲಿಂದಲೋ ಹೊರಗೆ ಬರುತ್ತದೆ. ಅಪ್ಪ ಬೆರಳೆತ್ತಿದರು. "ಮತ್ತೆ ಹಾಕಮ್ಮಾ." ನಾಲ್ಕು ಸಲ ಹಾಕಿಸಿದರು. ಕೊನೆಗೆ, "ನಾನು ಯಾವತ್ತೂ ಇಷ್ಟು ಧೈರ್ಯ ಮಾಡ್ದೋನೇ ಅಲ್ಲ. ಇದ್ಯಾವಾಗ ಮಾಡಿದೆನೋ ಮಾರಾಯ!" ಎಂದರು. ಕಣ್ಣಲ್ಲಿ ನೀರಿತ್ತು. ಬೇಸ್ ಮಾಮ ಆಣೆ ಇಟ್ಟ: "ನಾನು ಪಕ್ಕದಲ್ಲೇ ನಿಂತಿದ್ದೆ. ಊದಿ ಮುಗಿಸಿ ನನ್ನ ಕಡೆ ತಿರುಗಿ ಕಣ್ಣು ಹೊಡೆದೆ ನೀನು." ಇದನ್ನೇ ರೆಕಾರ್ಡಿನಲ್ಲಿ ಮೊದಲು ಹಾಕೋಣ ಎಂದಳು ಹುಡುಗಿ. ನಾನು ಟೀ ಲೋಟಗಳನ್ನು ತೆಗೆದುಕೊಂಡು ಅಡುಗೆಮನೆಗೆ ಹೋದೆ.

ಅಮ್ಮಾ, ಅದು ಅಪ್ಪ ಅಲ್ಲ, ನಾನು. ಕಣ್ಣು ಹೊಡೆದದ್ದೂ ನಾನಲ್ಲ, ಯಾರೂ ಹೊಡೆಯಲಿಲ್ಲ.

ನಾನು ಹತ್ತೊಂಬತ್ತರವನಿದ್ದಾಗ ಒಂದು ದಿನ ಅಪ್ಪನ ಕೆನ್ನೆ ಬನ್ನಿನ ಹಾಗೆ ಊದಿಕೊಂಡಿತ್ತು, ನೀನು ಅವರನ್ನು ಹಲ್ಲಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗಿದ್ದೆ, ನೆನಪಿದೆಯೇ? ಅವತ್ತೇ ರೆಕಾರ್ಡಿಂಗ್ ಇತ್ತು. ಅವರು ನಾಳೆ ಬರುತ್ತಾರೆ ಎಂದು ಹೇಳಿ ಬರಲು ನನ್ನನ್ನು ಸ್ಟುಡಿಯೋಗೆ ಕಳಿಸಿದ್ದಿರಿ, ಅವರ ಸ್ಯಾಕ್ಸೊಫೋನನ್ನೂ ಹೊರಿಸಿ. ತಂಡ ಬಂದು ಕೂತಿತ್ತು. ಸೌಂಡಿನವನು, "ಹೇಗೂ ಬಂದಿದೀಯಲ್ಲ, ಮೈಕು ಸರಿ ಮಾಡ್ಕೋತೀನಿ, ಸುಮ್ನೆ ಏನಾದ್ರೂ ಊದು" ಎಂದ. ಅಪ್ಪನ ಆ ನಿಧಾನದ ಟ್ಯೂನನ್ನೇ ಊದಿದೆ, ತಂಡವೂ ಜೊತೆಗೂಡಿತು. ಯಾರೂ ಕೇಳುವುದಿಲ್ಲ ಎಂಬ ಧೈರ್ಯ. ಮೂರನೇ ಸುತ್ತಿಗೆ ಉಸಿರು ಸಾಲಲಿಲ್ಲ, ತಗೊಂಡೆ. ತಗೊಳ್ಳುವಷ್ಟರಲ್ಲಿ ಹೋಗಬೇಕಾದ ದಾರಿ ಮರೆತುಹೋಯಿತು. ಕಂಡ ದಾರಿ ಹಿಡಿದೆ, ಅದು ಚೆನ್ನಾಗಿತ್ತು. ಸೌಂಡಿನವನು ಟೇಪು ಬಿಚ್ಚಿ ಕೈಗೆ ಸಿಕ್ಕ ಡಬ್ಬಿಯಲ್ಲಿ ಹಾಕಿದ. ಡಬ್ಬಿಗಳೋ, ನೀನು ಯಾವಾಗಲೂ ಹಿಂದಿನ ದಿನವೇ ಟ್ಯೂನು, ತಾರೀಖು, ಅಪ್ಪನ ಹೆಸರು ಎಲ್ಲ ಬರೆದು ಸಾಲಾಗಿ ಜೋಡಿಸಿ ಕಳಿಸುತ್ತಿದ್ದೆ, ಮಾಡದ ಅಡುಗೆಗೆ ಮುಚ್ಚಳ ಮುಚ್ಚಿಟ್ಟ ಹಾಗೆ. ಬೈಯುತ್ತಿಲ್ಲ. ನಿನ್ನ ಅಚ್ಚುಕಟ್ಟಿನಿಂದಲೇ ಈ ಮನೆ ನಡೆದದ್ದು.

ಆಮೇಲಿನದು ನಿನಗೆ ಗೊತ್ತು, ಕಾರಣ ಮಾತ್ರ ಗೊತ್ತಿಲ್ಲ. ಅದೇ ವಾರ ಅಪ್ಪನ ಎದುರಿಗೂ ಹಾಗೆಯೇ ನಿಲ್ಲಿಸಿ ನುಡಿಸಿದೆ, ಮೆಚ್ಚುತ್ತಾರೆ ಎಂದುಕೊಂಡು. "ಅರ್ಧ ಮಾತಲ್ಲಿ ಉಸಿರೆಳೀತಾರೇನೋ? ಕೇಳೋರು ಎದ್ದು ಹೋಗ್ತಾರೆ" ಎಂದರು. ಎಂಟು ತಿಂಗಳು ಬೆಳಿಗ್ಗೆ ಬೆಳಿಗ್ಗೆ ಗೋಡೆ ಗಡಿಯಾರದ ಎದುರು ಕೂರಿಸಿ, ಒಂದೇ ಸ್ವರವನ್ನು ಸೆಕೆಂಡು ಎಣಿಸಿ ಎಣಿಸಿ ಊದಿಸಿದರು. ತಲೆ ಸುತ್ತಿ ಬರುತ್ತಿತ್ತು. ನೀನು ಹಾಲಿಗೆ ಮೊಟ್ಟೆ ಕದಡಿ ಕೊಡುತ್ತಿದ್ದೆ. ರೋಗ ವಾಸಿಯಾಯಿತು. ಅಂದಿನಿಂದ ನನ್ನ ಉಸಿರು ತಾನಾಗಿ ಸಾಲಿನ ನಡುವೆ ಒಮ್ಮೆಯೂ ಮುರಿದಿಲ್ಲ. ವಾರಕ್ಕೆ ನಾಲ್ಕು ಸಂಜೆ ಹೋಟೆಲಿನ ಲಾಂಜಿನಲ್ಲಿ, ಶನಿವಾರ ಮದುವೆಗಳಲ್ಲಿ, ಎಲ್ಲಿ ನುಡಿಸಿದರೂ ಜನ ಬಂದು ಕೈ ಕುಲುಕಿ, "ಕಣ್ಣು ಮುಚ್ಚಿದ್ರೆ ನಿಮ್ಮ ತಂದೆಯವರೇ" ಎನ್ನುತ್ತಾರೆ. ಥ್ಯಾಂಕ್ಸ್ ಹೇಳುತ್ತೇನೆ. ಪತ್ರಿಕೆಯವರೂ ಅದನ್ನೇ ಬರೆದರು, ನೀನು ಕತ್ತರಿಸಿ ಫೈಲಿಗೆ ಅಂಟಿಸಿದೆ. ಆ ಫೈಲನ್ನು ನಾನು ತೆರೆದಿಲ್ಲ, ಇವತ್ತು ಹೇಳಿಬಿಡುತ್ತೇನೆ.

ಆದರೆ ಈಗ ಆರು ತಿಂಗಳಿಂದ ಬುಧವಾರಗಳಲ್ಲಿ, ಲಾಂಜಿನಲ್ಲಿ ಮೂರೇ ಟೇಬಲ್ಲಿಗೆ ಜನ ಇರುವಾಗ, ಮತ್ತೆ ಹಾಗೆ ನಿಲ್ಲಿಸಿ ನೋಡುತ್ತಿದ್ದೇನೆ. ಮೊದಮೊದಲು ಬಾಯಿ ಒಪ್ಪಲಿಲ್ಲ, ಈಗ ಒಪ್ಪುತ್ತಿದೆ. ಅಲ್ಲಿ ನನ್ನ ಜೊತೆ ನುಡಿಸುವ ಪಿಯಾನೋದವಳು ಅದನ್ನು ಕೇಳಿ, ಜೂನಿನಲ್ಲಿ ನಾವಿಬ್ಬರೇ ಒಂದು ಕಚೇರಿ ಮಾಡೋಣ, ನಿನ್ನ ಅಪ್ಪನ ಟ್ಯೂನು ಒಂದೂ ಬೇಡ ಎಂದಿದ್ದಾಳೆ. ನಲವತ್ತೆಂಟನೇ ವಯಸ್ಸಿಗೆ ಅರಂಗೇಟ್ರಂ, ನಗಬೇಡ. ಅಷ್ಟರಲ್ಲಿ ಈ ರೆಕಾರ್ಡು ಬಂದರೆ ಏನಾಗುತ್ತದೆ ಹೇಳು. ಮೇ ತಿಂಗಳಲ್ಲಿ ಎಲ್ಲರೂ ಅಪ್ಪನ ಹೆಸರಿನಲ್ಲಿ ಆ ಉಸಿರು ಕೇಳುತ್ತಾರೆ. ಜೂನಿನಲ್ಲಿ ನನ್ನಲ್ಲಿ ಕೇಳುತ್ತಾರೆ. ಪಾಪ, ಇದನ್ನೂ ಅಪ್ಪನಿಂದಲೇ ಎತ್ತಿದ ಎನ್ನುತ್ತಾರೆ. ನನ್ನದು ಎನ್ನಲು ಇದ್ದದ್ದು ಅದೊಂದೇ. ಹೊಟ್ಟೆ ಉರಿಯುತ್ತದೆ ಅಮ್ಮಾ, ಸುಳ್ಳು ಯಾಕೆ ಹೇಳಲಿ.

ಮತ್ತೆ ಬಾಯಿ ಬಿಟ್ಟು ಹೇಳುವುದಕ್ಕೇನು ಎಂದು ಕೇಳುತ್ತೀಯ. ಶನಿವಾರ ಬೆಳಿಗ್ಗೆ ಅಪ್ಪ ತಾವೇ ಬಗ್ಗಿ ಮಂಚದ ಕೆಳಗಿಂದ ಸ್ಯಾಕ್ಸೊಫೋನಿನ ಪೆಟ್ಟಿಗೆ ಎಳೆದರು. ಊದುವ ತುದಿಗೆ ಕಟ್ಟುವ ಹೊಸ ರೀಡು ನನ್ನ ಹತ್ತಿರ ಇಸಿದುಕೊಂಡರು, ಎರಡನೇ ನಂಬರಿನದೇ ಬೇಕು, ಮೂರನೇ ನಂಬರಿನದು ಗಟ್ಟಿ ಎಂದು ಮಗುವಿನ ಹಾಗೆ ಆರಿಸಿದರು. ಹುಡುಗಿ ಬಿಟ್ಟುಹೋದ ಪ್ರತಿಯನ್ನು ಫೋನಿನಲ್ಲಿ ಹಾಕಿಕೊಂಡು, ಆ ಒಂದೇ ಜಾಗ ಹಿಡಿಯಲು ಅಂದಿನಿಂದ ಕೂತಿದ್ದಾರೆ. ಹಲ್ಲಿನ ಸೆಟ್ಟು ಕದಲುತ್ತದೆ, ತುಟಿಯ ಪಕ್ಕದಿಂದ ಗಾಳಿ ಸೋರುತ್ತದೆ, ಬೈದುಕೊಳ್ಳುತ್ತಾರೆ, ಮತ್ತೆ ಊದುತ್ತಾರೆ. ದಿನಾ ಗಡ್ಡ ಮಾಡಿಕೊಳ್ಳುತ್ತಿದ್ದಾರೆ. ನೆನ್ನೆ ಸ್ನಾನದ ಮನೆಯಲ್ಲಿ ಗುನುಗುತ್ತಿದ್ದರು. ಮೂರು ವರ್ಷ ಕಿಟಕಿ ನೋಡಿಕೊಂಡು ಕೂತ ಮನುಷ್ಯನ ಕೈಯಿಂದ ಇದನ್ನು ಕಿತ್ತುಕೊಳ್ಳಲು ನನಗೆ ಕೈ ಬರುತ್ತಿಲ್ಲ. ಅವರ ಕಲಿಕೆಯಿಂದಲೇ ಇಷ್ಟು ವರ್ಷ ಅನ್ನ ತಿಂದಿದ್ದೇನೆ.

ಅದಕ್ಕೇ ಸುಮ್ಮನಿರುವುದು ಎಂದು ತೀರ್ಮಾನಿಸಿದ್ದೇನೆ. ಜೂನಿನ ಕಚೇರಿ ಬೇಡ ಎಂದು ಪಿಯಾನೋದವಳಿಗೆ ಸಂಜೆ ಹೇಳುತ್ತೇನೆ. ಯಾರಾದರೂ ಒಬ್ಬರಿಗೆ ಹೇಳದಿದ್ದರೆ ತಲೆ ಸಿಡಿಯುತ್ತಿತ್ತು, ನಿನಗೆ ಹೇಳಿದೆ, ಮುಗಿಯಿತು. ನೀನು ಬಂದ ಮೇಲೆ ಈ ಮಾತು ಎತ್ತಬೇಡ. ಮಂಡಿಗೆ ಎಣ್ಣೆ ಹಚ್ಚಿಕೊಂಡು ಬೇಗ ಮಲಗು. ಮೆಟ್ಟಿಲು ಹತ್ತಬೇಡ ಎಂದು ಹತ್ತು ಸಲ ಬರೆದರೂ ಹತ್ತುತ್ತೀಯ, ಕಂಬಿ ಹಿಡಿದಾದರೂ ಹತ್ತು. ದೊಡ್ಡಮ್ಮನ ಕಾಲಿಗೆ ನನ್ನ ನಮಸ್ಕಾರ, ಅವಳ ಬಾಯಿಗೂ ಒಂದು ದೂರದಿಂದ.

ಇಂತು, ನಿನ್ನ
ಮಗ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಪ್ಪ ಮಹಡಿ ಹತ್ತಿ ಬಂದರು, ವರ್ಷದಲ್ಲಿ ಮೊದಲ ಸಲ, ಕೊರಳಲ್ಲಿ ಸ್ಯಾಕ್ಸೊಫೋನ್ ಹಾಕಿಕೊಂಡೇ. ಏದುಸಿರು. "ಆರು ದಿನ ಆಯ್ತು. ಬರ್ತಿಲ್ಲ. ಹಲ್ಲಿನ ತಪ್ಪಲ್ಲ ಕಣೋ, ಈ ದಾರಿ ನನ್ನ ಬೆರಳಿಗೆ ಗೊತ್ತೇ ಇಲ್ಲ. ಯಾರದು ಇದು?" ಎಂದರು. ನಿಮ್ಮದೇ ಎನ್ನಬಹುದಿತ್ತು. "ನಂದು" ಎಂದುಬಿಟ್ಟೆ. ಮಂಚದ ಮೇಲೆ ಕೂತರು. ಬೈಯುತ್ತಾರೆ ಎಂದು ಕಾದೆ. ಕೊರಳಿನಿಂದ ಸ್ಯಾಕ್ಸೊಫೋನ್ ತೆಗೆದು ಮಡಿಲಲ್ಲಿ ಇಟ್ಟುಕೊಂಡು, "ಎಂಟು ತಿಂಗಳು ಕೂರಿಸಿ ಕಿತ್ತು ಹಾಕಿದ್ದು ಇದನ್ನೇ ಅಲ್ವೇನೋ?" ಎಂದರು. ಹೌದು ಎಂದೆ. ಅತ್ತರು ಅಮ್ಮಾ, ಮುಖ ಮುಚ್ಚಿಕೊಳ್ಳದೆ ಅತ್ತರು. ನಾನೂ. ಅವರ ರೆಕಾರ್ಡಿನ ಕಾಗದಪತ್ರಕ್ಕೆಲ್ಲ ಸಹಿ ಹಾಕುವವಳು ನೀನಲ್ಲವೇ, ಐದನೆಯ ಟೇಪಿನ ಬಗ್ಗೆ ಬರೆದು ಜೊತೆಗಿಟ್ಟಿರುವ ಹಾಳೆಗೆ ಸಹಿ ಹಾಕಿ ಈ ತಿಂಗಳ ಇಪ್ಪತ್ತೈದರೊಳಗೆ ಕಂಪನಿಗೆ ತಲುಪಿಸು, ಆಮೇಲೆ ರೆಕಾರ್ಡಿನ ಹೊದಿಕೆ ಅಚ್ಚಿಗೆ ಹೋಗುತ್ತದೆ. ಒಕ್ಕಣೆ ಅಪ್ಪ ಹೇಳಿದ್ದು, ಬರೆದದ್ದು ನಾನು. ಕೊನೆಯ ಸಾಲು ಮಾತ್ರ ಅವರು ಪೆನ್ನು ಕಸಿದುಕೊಂಡು ತಾವೇ ಬರೆದರು. ಅಕ್ಷರ ಸೊಟ್ಟಗಿದೆ, ನಿನಗೆ ಓದಲು ಬಾರದಿದ್ದರೆ ಎಂದು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ: "ನುಡಿಸಿದವನ ಹೆಸರು ಹಾಕಿ. ಯಾರ ಮಗ ಅಂತ ಹಾಕಬೇಡಿ."