ಹಂಪವ್ವನ ಪ್ರಶ್ನೆ

ತಳಕಲ್, ಮೇ ೧೯೭೮

ಅಪ್ಪಾ,

ನೀನು ತೀರಿಕೊಳ್ಳುವತನಕ ಪಾದ್ರಿಯಾಗಿದ್ದ ಈ ಊರಿಗೇ ನಾನು ಪಾದ್ರಿಯಾಗಲು ಓದುತ್ತಿರುವ ಲೂಥರನ್ ಸೆಮಿನರಿಯವರು ನನ್ನನ್ನು ಬೇಸಿಗೆ ಸೇವೆಗೆ ಕಳಿಸಿದ್ದಾರೆ. ಇವತ್ತು ಹಂಪವ್ವನ ಕೂಸನ್ನು ಮಣ್ಣು ಮಾಡಿದೆವು. ಪ್ರಾರ್ಥನೆ ನಾನೇ ಹೇಳಿದೆ.

ಆಮೇಲೆ ಅವಳು ನನ್ನ ಕೈ ಹಿಡಿದು ಕೇಳಿದಳು: "ಕೂಸಿಗೆ ದೀಕ್ಷಾಸ್ನಾನ ಆಗಿದ್ದಿಲ್ರಿ. ದೇವರು ಅದನ್ನ ಕರಕೊಂತಾನೇನ್ರಿ?"

ಆ ನೀರಿನ ಸಂಸ್ಕಾರವಿಲ್ಲದೆ ಸತ್ತ ಕೂಸಿಗೆ ಪರಲೋಕ ಉಂಟೇ ಎಂಬ ಇದೇ ಪ್ರಶ್ನೆಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವನು ನಾನು. ಅವಳು ನನ್ನ ಮುಖ ನೋಡಿದಳು. ಕಡೆಗೆ ಕೈ ಬಿಟ್ಟಳು.

"ನಿಮ್ಮಪ್ಪ ಇದ್ದಿದ್ರ ಹೂಂ ಅಂತಿದ್ರು," ಎಂದಳು ಅವಳ ಅತ್ತೆ.

ಪಾದ್ರಿ ದೀಕ್ಷೆ ನನಗೆ ಬೇಡವೆಂದು ಸೆಮಿನರಿಯ ಪ್ರಿನ್ಸಿಪಾಲರಿಗೆ ಈಗಷ್ಟೇ ಕಾಗದ ಬರೆದಿಟ್ಟೆ. ಆ ಒಂದು ಹೂಂ ನಿನಗೆ ಎಲ್ಲಿಂದ ಬರುತ್ತಿತ್ತು, ಅಪ್ಪಾ? ನಾನು ರಜೆಗೆ ಬಂದಾಗಲೆಲ್ಲ ನೀನು ಪರೀಕ್ಷೆಯ ಮಾರ್ಕ್ಸ್ ಎಷ್ಟೆಂದು ಕೇಳುತ್ತಿದ್ದೆ, ನಾನು ಹೇಳುತ್ತಿದ್ದೆ. ನಮ್ಮ ಮಾತು ಅಲ್ಲಿಗೇ ಮುಗಿಯುತ್ತಿತ್ತು.