ಹದಿಮೂರನೇ ಎಲೆ

ಮಾರ್ಚ್ 4, ಸೋಮವಾರ

ಎಂಟೂವರೆಯ ಬಸ್ಸಿಗೆ ಸೀತಾಂಗೋಳಿ. ಶೆಡ್ಡಿನ ಬೀಗ ನಾನೇ ತೆಗೆದೆ. ಗುಣಪಾಲನ ಕುರ್ಚಿಯ ಬೆನ್ನಿಗೆ ಅಂಟು ಹಚ್ಚಿ 'ರಿಪೇರಿಗೆ ಬಂದದ್ದು' ಎಂಬ ಚೀಟಿ ಇಟ್ಟೆ. ಕೂತ, ಎದ್ದ, ಚೀಟಿ ಅಂಗಿಗೆ ಬಂತು. ಮಧ್ಯಾಹ್ನದವರೆಗೆ ಹಾಗೇ ತಿರುಗಿದ. ನನ್ನ ಎಪ್ಪತ್ತೊಂದನೇ ವಯಸ್ಸಿಗೆ ಇಷ್ಟಾದರೂ ಬೇಡವೇ...

ಪಂಪಿನ ಕಂಟ್ರೋಲ್ ಪೆಟ್ಟಿಗೆ ಅವನದು, ಒಳಗಿನ ಚಿಪ್ಪಿನ ಪ್ರೋಗ್ರಾಂ ನನ್ನದು. ಇಪ್ಪತ್ತೆರಡು ವರ್ಷದ ಜೊತೆ ಕೆಲಸ. ಗುಣ ಅವನದು, ಪಾಲು ನನ್ನದು — ನನ್ನ ಹಳೇ ಜೋಕು.

ಅವನ ಮಗಳು ಪೂಜಾಶ್ರೀ ನನ್ನ ಹತ್ತಿರ ಕೆಲಸ ಕಲಿಯಲು ಕೂತು ಎರಡು ತಿಂಗಳು. ಯಾವ ಸಾಲು ಚಿಪ್ಪಿನಲ್ಲಿ ಎಲ್ಲಿ ಕೂರಬೇಕೆಂದು, ನಾವು ಬರೆದದ್ದನ್ನು ಚಿಪ್ಪಿನ ಭಾಷೆಗೆ ತಿರುಗಿಸುವ ಅಸೆಂಬ್ಲರಿಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದಳು. ಮದುವೆ ಊಟಕ್ಕೆ ಎಲೆ ಹಾಸಿದ ಹಾಗೆ ಎಂದೆ. ಅದು ನೆಂಟರ ಮುಖ ನೋಡುವುದಿಲ್ಲ. ಬರೀ ಎಣಿಸುತ್ತದೆ. ಒಂದು ಬೈಟಿನ, ಅಂದರೆ ಒಂದೇ ಜಾಗ ಹಿಡಿಯುವ ಸಾಲಿಗೆ ಒಂದು ಎಲೆ, ಮೂರು ಬೈಟಿನದಕ್ಕೆ ಮೂರು. ಓಆರ್‌ಜಿ ಎಂದು ಬರೆದರೆ — ನಾನು ಅದಕ್ಕೆ ಊರ್-ಜಾಗ ಎನ್ನುವುದು — ಎಣಿಕೆ ಬಿಟ್ಟು, ಹೇಳಿದ ನಂಬ್ರದಿಂದ ಹೊಸದಾಗಿ ಹಾಸಲು ಶುರು.

ಅಲ್ಲಿ ಮೊದಲೇ ಎಲೆ ಇದ್ದರೆ? ಎಂದಳು. ಒಳ್ಳೇ ಪ್ರಶ್ನೆ. ನಮ್ಮ ಹಳೇ ಅಸೆಂಬ್ಲರು ಚಕಾರ ಎತ್ತುವುದಿಲ್ಲ, ಅದರ ಮೇಲೆಯೇ ಹಾಸುತ್ತದೆ. ಅಸೆಂಬ್ಲಿಯಲ್ಲಾದರೆ ಸೀಟಿಗೆ ಜಗಳವಾದರೂ ಆದೀತು. ಅದಕ್ಕೇ ಶೆಡ್ಡಿನಲ್ಲಿ ನನ್ನದೊಂದು ಕಾನೂನು: ಏನೇ ತಿದ್ದಿದರೂ ಲಿಸ್ಟಿಂಗ್, ಅಂದರೆ ಸಾಲುಗಳ ಪಟ್ಟಿ, ಪ್ರಿಂಟ್ ತೆಗೆಯಬೇಕು, ಎಡಗಡೆಯ ಎಲೆ-ನಂಬ್ರಗಳ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಬೇಕು, ಆಮೇಲೆ ಚಿಪ್ಪಿಗೆ ತುಂಬಬೇಕು. ಹಳೇ ಲಿಸ್ಟಿಂಗ್ ಒಂದನ್ನು ಮಗ್ಗಿ ಹೇಳುವ ಹಾಗೆ ರಾಗ ಎಳೆದು ಓದಿದಳು. ಹುಡುಗಿ ಚುರುಕು. ನನ್ನ ನಂತರ ಇವಳು — ಸಮಾಧಾನ.

ಮಾರ್ಚ್ 9, ಶನಿವಾರ

ಕುಂಬ್ಡಾಜೆಯಲ್ಲಿ ಬಟ್ಯನ ತೋಟದ ಮೋಟರು ನಿನ್ನೆ ಸುಟ್ಟಿತು. ಬುಧವಾರವಷ್ಟೇ ಹೊಸ ಚಿಪ್ಪು ಹಾಕಿ ಬಂದ ಪೆಟ್ಟಿಗೆ. ಬಾವಿಯಲ್ಲಿ ನೀರು ಮುಗಿದಿದೆ, ಮೋಟರು ನಿಂತಿಲ್ಲ.

ನೀರು ಮುಗಿದರೆ ಚಿಪ್ಪು ಇದ್ದ ಕೆಲಸ ಬಿಟ್ಟು ಹದಿಮೂರನೇ ನಂಬ್ರಕ್ಕೆ ಓಡಬೇಕು. ಅಲ್ಲಿ ನನ್ನ ಸಾಲು ಕೂತಿದೆ: ಹೋಗು, ಮೋಟರು ನಿಲ್ಲಿಸು. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲ.

ಗುಣಪಾಲನ ಫೋನು. "ಉಗ್ಗಪ್ಪಣ್ಣ, ನೀವು ಸ್ವಲ್ಪ ದಿನ ಮನೆಯಲ್ಲೇ ಇರಿ. ನಾನು ನೋಡ್ತೇನೆ."

ಲಿಸ್ಟಿಂಗ್ ನೋಡಲಿಕ್ಕೆ ಬರುತ್ತೇನೆ ಎಂದೆ. ಬೇಡ ಎಂದ. ಅವನ ಬಾಯಲ್ಲಿ ನನಗೆ ಮೊದಲ ಬೇಡ.

ಮಾರ್ಚ್ 11, ಸೋಮವಾರ

ಅಮ್ಮಣಿ ಹಾಲಿನ ಸೊಸೈಟಿಯಿಂದ ಸುದ್ದಿ ತಂದಳು. ಉಗ್ಗಪ್ಪ ಚಿಪ್ಪಿನಲ್ಲಿ ಏನೋ ಕೀಟಲೆ ಮಾಡಿ ಬಟ್ಯನ ಮೋಟರು ಸುಟ್ಟನಂತೆ. ಎಲ್ಲರೂ ನಗುತ್ತಿದ್ದಾರಂತೆ.

ಕ್ಯಾನು ಕೈಯಲ್ಲೇ ಇತ್ತು. "ನೀವು ಎಂತಾದ್ರೂ ಆಟ ಮಾಡಿದ್ದುಂಟಾ?"

ಇಲ್ಲ ಎಂದೆ. ಒಂದು ಗಳಿಗೆ ಜಾಸ್ತಿ ನೋಡಿದಳು. ನಲವತ್ತೈದು ವರ್ಷ ಜೊತೆಗೆ ಬಾಳಿದ ಹೆಂಡತಿ. ಅವಳ ತಪ್ಪೂ ಅಲ್ಲ... ಹೋದ ವರ್ಷ ಬಟ್ಯನ ಪೆಟ್ಟಿಗೆಯ ಡಿಸ್‌ಪ್ಲೇಯಲ್ಲಿ ದಿನಾ ಮಧ್ಯಾಹ್ನ ಒಂದಕ್ಕೆ 'ಹಸಿವು' ಎಂದು ಬರುವ ಹಾಗೆ ಮಾಡಿದ್ದೆ. ಫೋನು ಮಾಡಿದವನಿಗೆ ಎರಡು ಸೌಟು ಗಂಜಿ ಇಡು ಎಂದೆ. ಇಟ್ಟ. ಊರಿಗೇ ಗೊತ್ತು. ಆದರೆ ಮೋಟರಿನ ತಂಟೆಗೆ ನಾನು ಹೋದವನಲ್ಲ.

ಸುದ್ದಿ ಹೊರಟದ್ದು ಎಲ್ಲಿಂದ ಎಂದು ಕೇಳಿದೆ. ಬಟ್ಯನ ಹೆಂಡತಿ ಹೇಳಿದ್ದಂತೆ. ಅವಳಿಗೆ? ನಿನ್ನೆ ಹೊಸ ಮೋಟರು ಕೂರಿಸುವಾಗ ಗುಣಪಾಲನೇ ಹೇಳಿದ್ದು. ನಮ್ಮ ಅಣ್ಣನ ಕೀಟಲೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು.

ಗುಣಪಾಲನೇ.

ಮಾರ್ಚ್ 14, ಗುರುವಾರ

ಹೇಳದೆ ಶೆಡ್ಡಿಗೆ ಹೋದೆ. ಅವನಿರಲಿಲ್ಲ. ರ‍್ಯಾಕಿನಲ್ಲಿ ಲಿಸ್ಟಿಂಗ್ ಇಲ್ಲ. ಅವನ ಮೇಜಿನ ಡ್ರಾವರಿನಲ್ಲಿತ್ತು, ನಾಲ್ಕು ಮಡಿಕೆಯಾಗಿ. ಪ್ರೋಗ್ರಾಂ ತಿದ್ದಿದ ತಾರೀಕು ಮಾರ್ಚ್ 5.

ಬೆರಳಿಟ್ಟು ಓದಿದೆ. ಟೈಮರಿನ ಕೆಲಸಕ್ಕೆ 'ಬಿ' ಯಿಂದ ಹನ್ನೆರಡರವರೆಗೆ ಜಾಗ. ಚಿಪ್ಪಿನದು ಹದಿನಾರರ ಲೆಕ್ಕ, ಒಂಬತ್ತಾದ ಮೇಲೆ 'ಎ' ಯಿಂದ 'ಎಫ್', ಆಮೇಲೆ ಹತ್ತು; ಹಾಗೆ ಎಣಿಸಿದರೆ ಸರಿಯಾಗಿ ಎಂಟು ಎಲೆ. ನನ್ನ ಸಾಲುಗಳು ಎಂಟನ್ನೂ ತುಂಬಿ ಕೂತಿದ್ದವು. ಈಗ ನಡುವೆ ಒಂದು ಹೊಸ ಸಾಲು, ಮೋಟರು ಎಷ್ಟು ಹೊತ್ತು ಓಡಿತೆಂದು ಎಣಿಸಲಿಕ್ಕೆ. ಎರಡು ಎಲೆ ಹೆಚ್ಚಾಯಿತು. ಬಾಲ ಹದಿಮೂರು, ಹದಿನಾಲ್ಕಕ್ಕೆ ಹೋಗಿ ನನ್ನ 'ಮೋಟರು ನಿಲ್ಲಿಸು' ಮೇಲೆ ಕೂತಿತು. ನೀರು ಮುಗಿದಾಗ ಚಿಪ್ಪು ಹದಿಮೂರಕ್ಕೆ ಓಡಿದೆ. ಅಲ್ಲಿ ಇದ್ದದ್ದು ಟೈಮರಿನ ಬಾಲ: ಒಂದು ಕೂಡಿಸು, ವಾಪಸು ಹೋಗು. ಕೂಡಿಸಿತು. ಹೋಯಿತು. ಮೋಟರು ಓಡುತ್ತಲೇ ಇತ್ತು.

ನಾನು ಬರೆಯುವುದು ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ. ಹೊಸ ಸಾಲು ಸಣ್ಣಕ್ಷರದಲ್ಲಿತ್ತು. ಪೂಜಾಶ್ರೀಯದು.

ಹದಿಮೂರರ ಸುತ್ತ ಕೆಂಪು ಪೆನ್ಸಿಲಿನ ಗೆರೆ. ಆ ಪೆನ್ಸಿಲು ಇರುವುದು ಗುಣಪಾಲನ ಕಿವಿಯ ಮೇಲೆ. ಗೊತ್ತಿದ್ದೇ ಹೇಳಿದ್ದಾನೆ.

ಮಾರ್ಚ್ 15, ಶುಕ್ರವಾರ

ಕೇಳಿದೆ. ಚಾ ಬಗ್ಗಿಸುತ್ತಲೇ ಒಪ್ಪಿಕೊಂಡ. ಮಗಳು ಈಗಷ್ಟೇ ಶುರು ಮಾಡಿದ್ದಾಳೆ, ಅವಳ ಕೈಯಿಂದ ಸುಟ್ಟಿತೆಂದರೆ ನಾಳೆ ಅವಳ ಪೆಟ್ಟಿಗೆಯನ್ನು ಯಾರೂ ಮುಟ್ಟುವುದಿಲ್ಲ ಎಂದ.

"ನಿಮಗೆ ಎಂತ ಅಣ್ಣ? ನಿಮ್ಮ ಮೇಲೆ ಯಾರಿಗೂ ಸಿಟ್ಟು ಬರುದಿಲ್ಲ. ನಗಾಡಿ ಬಿಡ್ತಾರೆ."

"ಕೀಟಲೆ ಮಾಡಿದವನಿಗಾದ್ರೂ ಮೊದ್ಲೇ ಗೊತ್ತಿರ್ಬೇಕಲ್ಲ ಮಾರಾಯ" ಎಂದೆ.

ಗ್ಲಾಸು ತೊಳೆಯಲು ಎದ್ದ. ಪೂಜಾಶ್ರೀಗೆ ಇದು ಯಾವುದೂ ತಿಳಿಯದು, ಅವಳ ಹತ್ತಿರ ಎತ್ತಬೇಡಿ ಎಂದ. ತಿಳಿಯದು ಎಂಬುದೊಂದೇ ಸಮಾಧಾನ. ಚಾ ಕುಡಿಯದೆ ಬಂದೆ.

ಗುಣ ಅವನಿಗೆ. ನನ್ನ ಪಾಲಿಗೆ ಇದು. ಬರೆದು ನೋಡಿದೆ, ನಗು ಬರಲಿಲ್ಲ.

ಮಾರ್ಚ್ 20, ಬುಧವಾರ

ಐದು ದಿನ ಹೋಗಲಿಲ್ಲ. ಬಟ್ಯ ಹೊಸ ಮೋಟರನ್ನು ಕೈಯಲ್ಲೇ ಹಾಕಿ ಆರಿಸುತ್ತಿದ್ದಾನಂತೆ; ಅವನ ಪೆಟ್ಟಿಗೆಗೆ ಸರಿಯಾದ ಚಿಪ್ಪು ಬೇಕಲ್ಲ, ಇವತ್ತು ಹೋದೆ. ಪೂಜಾಶ್ರೀ ಪಕ್ಕದಲ್ಲಿ ಕೂತಳು. ತಪ್ಪು ಎಲ್ಲಿದೆ, ಹುಡುಕು ಎಂದೆ. ಹುಡುಕಲಿಲ್ಲ. ಸೀದಾ ಟೈಮರಿಗೆ ಹೋಗಿ ಸಾಲುಗಳನ್ನೆಲ್ಲ ಕೊನೆಯ ಖಾಲಿ ಜಾಗಕ್ಕೆ ಸಾಗಿಸಿದಳು. 'ಬಿ' ಯಲ್ಲಿ, ಅಲ್ಲಿಗೆ ಹೋಗು ಎಂಬ ಒಂದೇ ಸಾಲು ಬಿಟ್ಟಳು. ನಾನಾದರೂ ಹಾಗೇ ಮಾಡುತ್ತಿದ್ದೆ.

ಯಾವಾಗ ನೋಡಿದ್ದು ಎಂದು ಕೇಳಿದೆ. ಕೀಬೋರ್ಡಿನ ಮೇಲೆ ಕೈ ನಿಂತಿತು.

"ಸುಟ್ಟ ದಿನವೇ, ಮಾಮ. ಅಪ್ಪನಿಗೂ ತೋರಿಸಿದೆ. ಮಾಮ ನಗಾಡ್ತಾರೆ, ಬಿಡು ಅಂದ್ರು. ನಾನೂ ಹಾಗೇ ಗ್ರಹಿಸಿದೆ."

"ತುಂಬುವ ಮೊದ್ಲು ಎಡಗಡೆ ಓದಿದ್ಯಾ?"

"ಇಲ್ಲ."

ಹನ್ನೆರಡು ದಿನ. ನಡುವೆ ಎರಡು ಸಲ ಫೋನು ಮಾಡಿ ಆರೋಗ್ಯ ವಿಚಾರಿಸಿದ್ದಳು. ಗುಣಪಾಲನದ್ದಾದರೂ ನುಂಗಿಯೇನು, ಅವನು ಅಪ್ಪ. ಇದು ಇಳಿಯುತ್ತಿಲ್ಲ.

ಪ್ರಿಂಟ್ ತೆಗೆಸಿ ಓದಿಸಿದೆ. ರಾಗ ಇಲ್ಲದೆ ಓದಿದಳು. ಎಲ್ಲವೂ ಸರಿ ಇತ್ತು. ನಾಳೆ ಬಟ್ಯನ ಹತ್ತಿರ ನಾನೇ ಹೇಳುತ್ತೇನೆ ಎಂದಳು. ಕೇಳದೆಯೇ.

ಮಾರ್ಚ್ 21, ಗುರುವಾರ. ಸಂಜೆ 5

ಕುಂಬ್ಡಾಜೆಗೆ ಇಬ್ಬರೂ ಹೋದೆವು. ಚಿಪ್ಪು ಬದಲಿಸಿದೆವು. ನೀರು ಮುಗಿದದ್ದನ್ನು ಚಿಪ್ಪಿಗೆ ತಿಳಿಸುವ ಸ್ವಿಚ್ಚನ್ನು ಬಾವಿಯಿಂದ ಎತ್ತಿ ಹಿಡಿದೆ. ಮೋಟರು ತಕ್ಷಣ ನಿಂತಿತು. ಬಟ್ಯನ ಮುಖದಲ್ಲಿ ಜೀವ ಬಂತು. ಎಳನೀರು ಕೆತ್ತಿ ಕೊಟ್ಟ.

"ಈಗಾದ್ರೂ ಸತ್ಯ ಹೇಳಿ ಉಗ್ಗಪ್ಪಣ್ಣ. ಅದು ನಿಮ್ಮದೇ ಕೀಟಲೆ ಅಲ್ವಾ?"

ಪೂಜಾಶ್ರೀಯನ್ನು ನೋಡಿದೆ. ಸ್ಕ್ರೂಡ್ರೈವರುಗಳನ್ನು ಚೀಲಕ್ಕೆ ಹಾಕುತ್ತಿದ್ದಳು. ಹಾಕಿದಳು, ತೆಗೆದಳು, ಉದ್ದಕ್ಕೆ ಸರಿಯಾಗಿ ಜೋಡಿಸಿ ಮತ್ತೆ ಹಾಕಿದಳು. ಕಾದೆ. ಎಳನೀರು ಮುಗಿಯುವವರೆಗೆ ಕಾದೆ.

"ಅಲ್ಲ ಬಟ್ಯ" ಎಂದೆ. ಅಷ್ಟೇ. ಹಿಂದೆ ಮುಂದೆ ಏನನ್ನೂ ಸೇರಿಸಲಿಲ್ಲ.

ಬಟ್ಯ ತೊಡೆ ತಟ್ಟಿ ನಕ್ಕ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆ ಮುಖ ನೋಡಿದ್ರೆ ನಿಜ ಅಂತ್ಲೇ ಗ್ರಹಿಸ್ಬೇಕು ಎಂದ. ಆಗ ಪೂಜಾಶ್ರೀಯೂ ನಕ್ಕಳು. ಸ್ವಲ್ಪ ತಡವಾಗಿ, ಅವನನ್ನೇ ನೋಡುತ್ತಾ. ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿದರು, ಇನ್ನು ನಾನು ನಗಬೇಕಾದದ್ದು ಎನ್ನುವ ಹಾಗೆ. ನಾನು...